ಬಲೆ ಎಳೆಯುವ ಕೈಗಳಿಗೆ ಬಂದರಿನ ಕಾವಲು

ನವಲಗುಂದ ತಾಲೂಕಿನ ಶಲವಡಿಯಿಂದ ಅರಬ್ಬಿ ಸಮುದ್ರ ದೂರ. ಆದರೂ ಅಲ್ಲಿನ ಎರಿ ಹೊಲಕ್ಕೆ ಹಾಕುವ ಡಿಎಪಿ ಗೊಬ್ಬರದ ದೊಡ್ಡ ಪಾಲು, ಟ್ರ್ಯಾಕ್ಟರಿನ ಡೀಸೆಲ್‌ಗೆ ಬೇಕಾದ ಕಚ್ಚಾ ತೈಲ ಹಡಗಿನಲ್ಲೇ ದೇಶಕ್ಕೆ ಬರಬೇಕು. ಬಂದರಿನ ಬಾಯಲ್ಲಿ ಶತ್ರು ನೀರೊಳಗೆ ಸಿಡಿಯುವ ನಾಲ್ಕು ಮೈನ್ ಇಟ್ಟರೆ ಆ ದಾರಿ ನಿಲ್ಲುತ್ತದೆ. ಇದು ಊಹೆಯ ಮಾತಲ್ಲ. 1917ರ ಫೆಬ್ರುವರಿಯಲ್ಲಿ ಜರ್ಮನಿಯ ‘ವೋಲ್ಫ್’ ಹಡಗು ಮುಂಬಯಿ ಎದುರಿನ ಕಡಲಲ್ಲಿ ಮೈನ್ ಬಿತ್ತಿ ಮಾಯವಾಯಿತು. ನಾಲ್ಕು ತಿಂಗಳ ಮೇಲೆ, ಜೂನ್ 23ರಂದು, ‘ಮಂಗೋಲಿಯಾ’ ಎಂಬ ಪ್ರಯಾಣಿಕರ ಹಡಗು ಅದಕ್ಕೆ ತಗಲಿ ಮುಳುಗಿತು. ಕಾರವಾರದಲ್ಲಿ ಕದಂಬ ನೌಕಾನೆಲೆ, ಪಣಂಬೂರಿನಲ್ಲಿ ದೊಡ್ಡ ಬಂದರು ಇರುವ ನಮ್ಮ ರಾಜ್ಯ ಹಳೆಯ ಉಪಾಯವೊಂದನ್ನು ಮತ್ತೆ ಯೋಚಿಸಬೇಕು: ಮೀನುಗಾರಿಕೆಯ ಟ್ರಾಲರನ್ನು, ಅದರ ಜನರ ಸಮೇತ, ಮೈನ್ ತೆಗೆಯುವ ಕೆಲಸಕ್ಕೆ ಸಜ್ಜುಗೊಳಿಸುವುದು.

ಈ ಉಪಾಯ ಹಡಗುಗಳ ಕೊರತೆಯಿಂದಷ್ಟೇ ಹುಟ್ಟಿದ್ದಲ್ಲ; ಮೀನುಗಾರರ ಕಸುಬೇ ಅದಕ್ಕೆ ಹೊಂದುತ್ತದೆ. ರಷ್ಯಾ-ಜಪಾನ್ ಯುದ್ಧದಲ್ಲಿ, 1904ರ ಮೇ 15ರಂದು, ಜಪಾನಿನ ಎರಡು ಯುದ್ಧನೌಕೆಗಳು ಒಂದೇ ದಿನ ಮೈನಿಗೆ ಬಲಿಯಾದವು. ಬೆಚ್ಚಿದ ಬ್ರಿಟನ್ 1908ರಲ್ಲಿ ಗ್ರಿಮ್ಸ್‌ಬಿಯ ‘ಆಲ್ಗೋಮಾ’, ‘ಆಂಡೀಸ್’ ಎಂಬ ಎರಡು ಟ್ರಾಲರ್ ತರಿಸಿ ಪರೀಕ್ಷೆ ಮಾಡಿತು. ವಿಧಾನ ಇದು: ಎರಡು ದೋಣಿ ಅಕ್ಕಪಕ್ಕ ಅಂತರ ಬಿಟ್ಟು ಸಾಗುತ್ತವೆ. ನಡುವೆ ಉಕ್ಕಿನ ತಂತಿ ನೀರೊಳಗೆ ಎಳೆದು ಬರುತ್ತದೆ. ತಳಕ್ಕೆ ಕಟ್ಟಿದ ಮೈನಿನ ಹಗ್ಗ ಅದಕ್ಕೆ ಸಿಕ್ಕಿ ಕಡಿದರೆ ಮೈನ್ ಮೇಲೆ ತೇಲುತ್ತದೆ. ಬಂದೂಕಿನಿಂದ ಹೊಡೆದು ಮುಗಿಸುತ್ತಾರೆ. ವಿಂಚ್ ನಡೆಸುವುದು, ತಂತಿಯ ಬಿಗಿ ನೋಡಿ ತಳದಲ್ಲಿ ಏನಾಗುತ್ತಿದೆ ಎಂದು ತಿಳಿಯುವುದು, ಅಲೆಯಲ್ಲೂ ವೇಗ ತಪ್ಪದಂತೆ ಸಾಗುವುದು ಮಲ್ಪೆಯ ಮೀನುದೋಣಿ ನಡೆಸುವ ತಾಂಡೇಲನಿಗೆ ದಿನದ ದುಡಿಮೆ. ನೌಕಾಪಡೆ ಹೊಸಬನಿಗೆ ಇದನ್ನು ಕಲಿಸಲು ವರ್ಷಗಳೇ ಬೇಕು.

ಆಕ್ಷೇಪಗಳು ಹಗುರವಲ್ಲ. 1915ರಲ್ಲಿ ಡಾರ್ಡನೆಲ್ಸ್ ಜಲಸಂಧಿಯಲ್ಲಿ ತೋಪುಗಳ ಹೊಡೆತಕ್ಕೆ ಬ್ರಿಟನ್ನಿನ ಟ್ರಾಲರ್‌ಗಳು ಹಿಂದೆ ಸರಿದವು. ತೆಗೆಯದೆ ಉಳಿದ ಮೈನುಗಳಿಗೆ ಸಿಕ್ಕಿ ಮಾರ್ಚ್ 18ರಂದು ಮೂರು ಯುದ್ಧನೌಕೆ ಮುಳುಗಿದವು. ಆದರೆ ಆ ದೋಣಿಗಳು ಎದುರು ಸೆಳೆತದಲ್ಲಿ ತೆವಳುತ್ತಿದ್ದವು, ದಡದಲ್ಲಿ ಶತ್ರುವಿನ ತೋಪುಗಳಿದ್ದವು. ಅದೇ ಬಗೆಯ ಮೀನುಗಾರರು ಬ್ರಿಟನ್ನಿನ ಬಂದರುಗಳ ದಾರಿಯನ್ನು ಎರಡೂ ಮಹಾಯುದ್ಧಗಳಲ್ಲಿ ತೆರೆದಿಟ್ಟರು. ನಾನು ಕೇಳುತ್ತಿರುವುದೂ ನಮ್ಮದೇ ಬಂದರಿನ ಕಾವಲು. ಉಕ್ಕಿನ ಒಡಲನ್ನು ಗುರುತಿಸಿ ಸಿಡಿಯುವ ಕಾಂತೀಯ ಮೈನ್ ಎದುರು ಬರೀ ತಂತಿ ಸಾಲದು ಎಂಬುದು ನಿಜ. 1940ರಲ್ಲಿ ಅದಕ್ಕೂ ಉತ್ತರ ಸಿಕ್ಕಿತು: ದೋಣಿಗಳು ವಿದ್ಯುತ್ ಹರಿಯುವ ಕೇಬಲ್ ಎಳೆದು ಮೈನನ್ನು ದೂರದಲ್ಲೇ ಸಿಡಿಸಿದವು. ಇಂದಿನ ಚುರುಕು ಮೈನಿಗೆ ವಿಶೇಷ ಹಡಗೇ ಬೇಕು. ಟ್ರಾಲರ್ ಅದರ ಬದಲಿಯಲ್ಲ, ಜೊತೆಗಾರ.

ಮೂರನೆಯದು ನನ್ನನ್ನು ಹೆಚ್ಚು ಕಾಡುವ ಆಕ್ಷೇಪ. 1907ರ ಹೇಗ್ ಒಪ್ಪಂದ ಕರಾವಳಿಯ ಮೀನುದೋಣಿಗಳನ್ನು ಶತ್ರು ಹಿಡಿಯಬಾರದು ಎನ್ನುತ್ತದೆ, ಅವು ಯುದ್ಧದಲ್ಲಿ ಪಾಲ್ಗೊಳ್ಳದಿರುವವರೆಗೆ. ಮೀನುಗಾರರ ವೇಷದಲ್ಲೇ ಅವರನ್ನು ಯುದ್ಧಕ್ಕೆ ಕಳಿಸಿದರೆ ಇಡೀ ಕರಾವಳಿಯ ರಕ್ಷಣೆ ಹೋಗುತ್ತದೆ. ಆದ್ದರಿಂದ ಒಪ್ಪಿ ಬಂದವರಿಗೆ ಮಾತ್ರ ಸಮವಸ್ತ್ರ, ಸಂಬಳ, ವಿಮೆ, ಶಾಂತಿಕಾಲದ ತರಬೇತಿ ಕೊಟ್ಟು, ದೋಣಿಗೆ ನೌಕಾಪಡೆಯ ಬಾವುಟ ಹಾಕಬೇಕು. ಬ್ರಿಟನ್ ತನ್ನ ಟ್ರಾಲರ್ ಮೀಸಲು ಪಡೆಯನ್ನು ಮೊದಲ ಮಹಾಯುದ್ಧಕ್ಕೂ ಮೊದಲೇ ಕಟ್ಟಿತ್ತು.

ನಮ್ಮ ಕರಾವಳಿಯ ಹೆಸರು ಹೊತ್ತ ಮೈನ್ ಸ್ವೀಪರ್ ‘ಐಎನ್‌ಎಸ್ ಕಾರವಾರ’ 1986ರಿಂದ 2017ರವರೆಗೆ ದುಡಿದು ನಿವೃತ್ತವಾಯಿತು. ಆ ಸಾಲಿನ ಕೊನೆಯ ಹಡಗು ‘ಕೋಯಿಕ್ಕೋಡ್’ 2019ರಲ್ಲಿ ಹೋಯಿತು. ಹೊಸ ಹಡಗು ಕಟ್ಟಲು ವರ್ಷಗಳು ಹಿಡಿಯುತ್ತವೆ; ಮೀನುಗಾರರ ತರಬೇತಿ ಅಲ್ಲಿಯವರೆಗೆ ಕಾಯಬೇಕಿಲ್ಲ. ಮಳೆಗಾಲದಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧವಾಗಿ ಮಲ್ಪೆ, ಮಂಗಳೂರು, ತದಡಿಯ ದೋಣಿಗಳು ದಡ ಸೇರುವ ವಾರಗಳಲ್ಲಿ ದಡದ ಮೇಲಿನ ತರಗತಿಗಳನ್ನಾದರೂ ಶುರುಮಾಡಬಹುದು.