ಅಡಿಗಿ ಕಟ್ಟಿ ಗಟ್ಟಿ ಇರಲಿ



ರೋಣ ತಾಲೂಕಿನ ಒಂದು ಹಳ್ಳಿ. ಕಲಿಕೆಗೆ ಬರುವ ಒಬ್ಬ ತಾಯಿಯ ಮನೆಗೆ ನಾವು ಹೋಗಿದ್ದೆವು. ಅವರು ಕಟ್ಟಿಯ ಮೇಲೆ ರೊಟ್ಟಿ ಬಡಿಯುತ್ತಿದ್ದರು. ಕಟ್ಟಿಯ ಎರಡು ಕಲ್ಲುಗಳ ನಡುವೆ ಸಂದಿ ಬಿಟ್ಟಿತ್ತು. ಸಂದಿಯ ತುಂಬ ಹಿಟ್ಟು, ಜಿಡ್ಡು, ಇರಿವಿ.

"ಅಕ್ಕೋರ, ದಿನಾ ಒರಸ್ತೀನ್ರಿ. ಆದ್ರೂ ಇರಿವಿ ಹೋಗವಲ್ವು. ಗೌಂಡಿನ ಕರದ್ರ ಒಂದ್ ದಿನದ ಪಗಾರ ಕೇಳ್ತಾನ."

"ಯವ್ವಾ, ಇಷ್ಟಕ್ಕ ಗೌಂಡಿ ಯಾಕ? ನಾವ ಮಾಡೂಣು ಬರ್ರಿ" ಅಂದೆವು.

ಸಂದಿ ಯಾಕೆ ಬೀಳುತ್ತದೆ?

ನಮ್ಮ ಕಡೆ ಕಟ್ಟಿಗೆ ಶಹಾಬಾದ ಕಲ್ಲು ಇಲ್ಲವೆ ಕಡಪಾ ಕಲ್ಲು ಹಾಕುತ್ತಾರೆ. ಕಲ್ಲಿನ ನಡುವೆ ಸಿಮೆಂಟ್ ತುಂಬುತ್ತಾರೆ. ದಿನವೂ ನೀರು, ಬಿಸಿ, ರೊಟ್ಟಿಯ ಬಡಿತ. ವರ್ಷ ಕಳೆದಂತೆ ಸಿಮೆಂಟ್ ಉದುರುತ್ತದೆ.

ಇನ್ನೊಂದು ಕಾರಣ ನೆಲ. ರೋಣ, ನರಗುಂದದ ಕಡೆ ಎರಿ ನೆಲ ಹೆಚ್ಚು. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲಿನ ಗೋಡೆಯೂ ಅಲುಗುತ್ತದೆ. ಗೋಡೆಗೆ ಹೊಂದಿದ ಕಟ್ಟಿ ಬಿರುಕು ಬಿಡುತ್ತದೆ. ಗಜೇಂದ್ರಗಡದ ಗುಡ್ಡದ ಬದಿಯಲ್ಲಿ ಗಟ್ಟಿ ನೆಲ ಇದ್ದಲ್ಲಿ ಈ ತೊಂದರೆ ಕಡಿಮೆ.

ಮೊದಲು ಪರೀಕ್ಷೆ ಮಾಡಿ

ಒಂದು ರೂಪಾಯಿ ನಾಣ್ಯದಿಂದ ಕಲ್ಲನ್ನು ಬಡಿಯಿರಿ. ಗಟ್ಟಿ ಸಪ್ಪಳ ಬಂದರೆ ಕಲ್ಲು ಚೆನ್ನಾಗಿ ಕೂತಿದೆ. ಪೊಳ್ಳು ಸಪ್ಪಳ ಬಂದರೆ, ಕಲ್ಲು ಅಲುಗಿದರೆ, ಗೌಂಡಿಯನ್ನೇ ಕರೆಯಿರಿ.

ಬಿರುಕು ಗೋಡೆಗೂ ಏರಿದೆಯೆ? ಹಾಗಿದ್ದರೆ ಬಿರುಕಿನ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಪಕ್ಕದಲ್ಲಿ ತಾರೀಖು ಬರೆಯಿರಿ. ಎರಡು ತಿಂಗಳ ಮೇಲೆ ನೋಡಿ. ಬಿರುಕು ಗೆರೆ ದಾಟಿದ್ದರೆ ಬರೀ ಸಿಮೆಂಟ್ ತುಂಬಿ ಫಲವಿಲ್ಲ. ಗೌಂಡಿಗೆ ತೋರಿಸಿ. ಬಚ್ಚಲ ನೀರು, ಮಾಳಿಗೆಯ ನೀರು ಗೋಡೆಯ ಬುಡಕ್ಕೆ ಬೀಳದಂತೆ ದೂರ ಹರಿಸಿ.

ಸಣ್ಣ ಸಂದಿ ಮಾತ್ರ ಇದ್ದರೆ ಅದು ನಿಮ್ಮ ಕೈಕೆಲಸ.

ಸಿಮೆಂಟ್ ಕೊಳ್ಳುವಾಗ ಓದಿ

ಸಣ್ಣ ಸಂದಿಗೆ ಒಂದು ಕಿಲೋ ಬಿಳಿ ಸಿಮೆಂಟ್ ಸಾಕು. ಪುಡಿಕೆಯ ಮೇಲಿನ ತಿಂಗಳು, ವರ್ಷ ಓದಿ. ಬಿಡಿ ಸಿಮೆಂಟ್ ಕೊಂಡರೆ ಚೀಲ ತೋರಿಸಲು ಹೇಳಿ. ಚೀಲದ ಮೇಲೆ ಎಷ್ಟನೇ ವಾರ, ಯಾವ ವರ್ಷ ಎಂಬ ಅಂಕಿ ಇರುತ್ತದೆ. 10ನೇ ವಾರ ಅಂದರೆ ಮಾರ್ಚ್ ತಿಂಗಳು. ಮೂರು ತಿಂಗಳು ದಾಟಿದ ಸಿಮೆಂಟಿನ ಶಕ್ತಿ ಕುಂದಿರುತ್ತದೆ. ಗಂಟು ಕಟ್ಟಿದ್ದರೆ ಬೇಡವೇ ಬೇಡ.

ಮಾಡುವ ರೀತಿ

1. ಗ್ಯಾಸ್ ಒಲೆ ಇದ್ದರೆ ರೆಗ್ಯುಲೇಟರ್ ಬಂದ್ ಮಾಡಿ. ಒಲೆ ಸರಿಸಿ.

2. ಹಳೆ ಮೊಳೆಯಿಂದ ಸಂದಿಯ ಹೊಲಸು, ಸಡಿಲ ಸಿಮೆಂಟ್ ಕೆದರಿ ತೆಗೆಯಿರಿ. ಸಾಬೂನು ನೀರು ಹಾಕಿ ಬ್ರಶ್ಶಿನಿಂದ ತಿಕ್ಕಿ ತೊಳೆಯಿರಿ. ಜಿಡ್ಡು ಉಳಿದರೆ ಸಿಮೆಂಟ್ ಹಿಡಿಯುವುದಿಲ್ಲ.

3. ಬಿಳಿ ಸಿಮೆಂಟಿಗೆ ಸ್ವಲ್ಪ ಸ್ವಲ್ಪ ನೀರು ಹಾಕಿ ಗಟ್ಟಿಯಾಗಿ ಕಲಸಿ. ಸಂದಿ ಬೆರಳು ಹೋಗುವಷ್ಟು ದೊಡ್ಡದಿದ್ದರೆ ಸಾದಾ ಸಿಮೆಂಟ್ 1 ಬಟ್ಟಲು, ಸಾಣಿಗಿ ಹಿಡಿದ ಉಸುಕು 3 ಬಟ್ಟಲು ಸೇರಿಸಿ ಕಲಸಿ.

4. ಸಂದಿಯನ್ನು ಒದ್ದೆ ಮಾಡಿ. ಒಳಗೆ ನೀರು ನಿಲ್ಲಬಾರದು. ಕಲಸಿದ್ದನ್ನು ಒತ್ತಿ ತುಂಬಿ. ಹೆಚ್ಚಾದದ್ದನ್ನು ಹಸಿ ಇರುವಾಗಲೇ ಒದ್ದೆ ಅರಿವೆಯಿಂದ ಒರಸಿ.

5. ಮರುದಿನದಿಂದ ಏಳು ದಿನ ಮೇಲೆ ಒದ್ದೆ ಅರಿವೆ ಹಾಕಿಡಿ. ಸಿಮೆಂಟ್ ಒಣಗಿ ಗಟ್ಟಿಯಾಗುವುದಿಲ್ಲ, ನೀರು ಕುಡಿದು ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ಆ ಜಾಗದಲ್ಲಿ ರೊಟ್ಟಿ ಬಡಿಯಬೇಡಿ.

ಎಚ್ಚರ! ಸಿಮೆಂಟ್ ಕೈ ಸುಡುತ್ತದೆ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ. ಮಕ್ಕಳನ್ನು ದೂರ ಇಡಿ. ಕಣ್ಣಿಗೆ ಬಿದ್ದರೆ ತುಂಬಾ ಹೊತ್ತು ನೀರಿನಿಂದ ತೊಳೆದು ದವಾಖಾನೆಗೆ ಹೋಗಿ.

ಸನ್ಮೈಕಾ ಕಟ್ಟಿ ಇದ್ದರೆ

ಕೆಲವು ಮನೆಗಳಲ್ಲಿ ಕಟ್ಟಿಗೆಯ ಹಲಗೆಯ ಮೇಲೆ ಸನ್ಮೈಕಾ ಹಾಳೆ ಇರುತ್ತದೆ. ಅಂಚು ಎದ್ದರೆ ಒಳಗೆ ನೀರು ಇಳಿದು ಹಲಗೆ ಉಬ್ಬುತ್ತದೆ. ಪೂರ್ತಿ ಒಣಗಿಸಿ, ಫೆವಿಕಾಲ್ ಸವರಿ, ಮೇಲೆ ಒಂದು ಮಣೆ, ಮಣೆಯ ಮೇಲೆ ಭಾರ ಇಟ್ಟು ಒಂದು ದಿನ ಬಿಡಿ. ಹಲಗೆಯೇ ಮೆತ್ತಗಾಗಿದ್ದರೆ ಬದಲಿಸಬೇಕು. ಸುಟ್ಟ ಕಲೆ ಹೋಗುವುದಿಲ್ಲ. ಅದಕ್ಕೇ ಬಿಸಿ ಪಾತ್ರೆಯನ್ನು ಸಿಂಬಿಯ ಮೇಲೆ ಇಡಿ.

ನೆನಪಿಡಿ

ಶಹಾಬಾದ, ಕಡಪಾ ಕಲ್ಲು ಸುಣ್ಣದ ಜಾತಿಯವು. ಲಿಂಬೆ, ಹುಣಸೆ ರಸ ಅವನ್ನು ತಿನ್ನುತ್ತವೆ. ಚೆಲ್ಲಿದ ಕೂಡಲೇ ಒರಸಿ. ಕಟ್ಟಿಯ ಅಂಚಿನಲ್ಲಿ ರೊಟ್ಟಿ ಬಡಿಯಬೇಡಿ. ಕೆಳಗೆ ಗೋಡೆಯ ಆಧಾರ ಇದ್ದಲ್ಲಿ ಬಡಿಯಿರಿ.

ಆ ತಾಯಿ ಈಗ ಹೊಸ ಸಂದಿಯ ಮೇಲೆ ಬೆರಳಾಡಿಸಿ ನಗುತ್ತಾರೆ. "ಇರಿವಿ ಹೋದ್ವು ಅಕ್ಕೋರ" ಅನ್ನುತ್ತಾರೆ. ಗೋಡೆಯ ಮೇಲೆ ದುರಸ್ತಿ ಮಾಡಿದ ತಾರೀಖು ಇದೆ. ಅದನ್ನು ಬರೆದವರು ಅವರೇ.

ನೀವೂ ಬರೆಯಿರಿ:

ನಮ್ಮ ಮನೆಯ ಕಟ್ಟಿ ಯಾವ ಕಲ್ಲಿನದು? __________

ದುರಸ್ತಿ ಮಾಡಿದ ತಾರೀಖು: __________