ಸ್ಯಾನ್ ಹೋಸೆಯ ಇಸ್ಪೀಟು ಮೇಜಿನಲ್ಲಿ 53 ದಿನ

2023ರ ಆರಂಭದಲ್ಲಿ ಸಿಲಿಕಾನ್ ಕಣಿವೆಯ ಕಂಪನಿಗಳು ಸಾಲುಸಾಲಾಗಿ ಜನರನ್ನು ಮನೆಗೆ ಕಳುಹಿಸುತ್ತಿದ್ದಾಗ ನನಗೂ ಒಂದು ಬೆಳಗ್ಗೆ ಮಿಂಚಂಚೆ ಬಂತು. ಎಚ್-1ಬಿ ವೀಸಾದಲ್ಲಿರುವವರು ಕೆಲಸ ಹೋದ ಮೇಲೆ ಇಲ್ಲಿ ಉಳಿಯಬಹುದಾದದ್ದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಮತ್ತೊಬ್ಬ ಮಾಲೀಕ ನನ್ನ ಪರವಾಗಿ ಅರ್ಜಿ ಹಾಕದಿದ್ದರೆ ಗಂಟುಮೂಟೆ ಕಟ್ಟಬೇಕು. ಹಗಲೆಲ್ಲ ಅರ್ಜಿ, ಸಂದರ್ಶನ. ಸಂಜೆ ಬರಿಯ ಗೋಡೆ. ಆ ಸಂಜೆಗಳಲ್ಲಿ ನಾನು ಕಾರ್ಡ್ ರೂಮಿಗೆ ಹೋಗತೊಡಗಿದೆ.

ಊರಿನ ಓದುಗರಿಗೆ ಇದು ಅಹಿತವೆನಿಸಬಹುದು. ನಮ್ಮ ಮನೆಯವರಿಗಂತೂ ಖಂಡಿತ. ತಿಪಟೂರಿನ ಬಳಿ ನಮಗಿದ್ದ ತೆಂಗಿನ ತೋಟದ ಒಂದು ಭಾಗ ಅಪ್ಪನ ಅಂದರ್ ಬಾಹರ್ ಆಟಕ್ಕೆ ಹೋಯಿತು. ನಮ್ಮ ಮನೆಯಲ್ಲಿ ಎಕ್ಕ, ರಾಣಿ, ಗುಲಾಮ ಎಂಬ ಮಾತುಗಳನ್ನು ಯಾರೂ ಆಡುತ್ತಿರಲಿಲ್ಲ. ಅಂಥ ಮನೆಯ ಮಗ ನಾನು.

ನಾನು ಕುಳಿತದ್ದು ನಾಲ್ಕು-ಎಂಟರ ಲಿಮಿಟ್ ಹೋಲ್ಡೆಮ್ ಮೇಜಿನಲ್ಲಿ. ಕೈಯಲ್ಲಿ ಎರಡು ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಮೊದಲೆರಡು ಸುತ್ತಿನಲ್ಲಿ ಪಣ 4 ಡಾಲರ್, ಕೊನೆಯ ಎರಡರಲ್ಲಿ 8. ಅದಕ್ಕಿಂತ ಹೆಚ್ಚು ಒಮ್ಮೆಗೆ ಏರಿಸುವಂತಿಲ್ಲ. ಸಿನಿಮಾದಲ್ಲಿ ತೋರಿಸುವಂತೆ ಇದ್ದಬದ್ದ ಹಣವನ್ನೆಲ್ಲ ಮುಂದಕ್ಕೆ ತಳ್ಳಿ ಎದುರಾಳಿಯನ್ನು ಹೆದರಿಸುವ ಆಟ ಇದಲ್ಲ. ಪಣಕ್ಕೆ ಮಿತಿಯಿರುವುದರಿಂದ ಉಳಿಯುವ ಆಯುಧಗಳು ಎರಡೇ: ಎಲ್ಲಿ ಕುಳಿತಿದ್ದೀರಿ ಎಂಬುದು, ಯಾವಾಗ ಏರಿಸುತ್ತೀರಿ ಎಂಬುದು.

ಇದನ್ನು ನನಗೆ ಕಲಿಸಿದವರು ಒಬ್ಬ ವಿಯೆಟ್ನಾಮಿ ಹಿರಿಯರು. ಸ್ಯಾನ್ ಹೋಸೆಯಲ್ಲಿ ಅವರ ಜನ ಬಹಳ. ಮೊದಲ ವಾರ ಅವರು ನನ್ನ ಆಟ ನೋಡಿ ನೋಡಿ ಕೊನೆಗೆ, "ನಿನಗೆ ಮುಂಚೆ ಮಾತಾಡುವ ಚಟ" ಎಂದರು. ಹಂಚುವವನ ಸ್ಥಾನವನ್ನು ಸೂಚಿಸುವ ಬಿಳಿಯ ಬಿಲ್ಲೆ ಪ್ರತಿ ಆಟಕ್ಕೂ ಎಡಕ್ಕೆ ಸರಿಯುತ್ತದೆ. ಅದು ಯಾರ ಮುಂದಿರುತ್ತದೋ ಅವನು, ನಡುವಿನ ಎಲೆಗಳು ಬಿದ್ದ ಮೇಲೆ ಎಲ್ಲರಿಗಿಂತ ಕೊನೆಯಲ್ಲಿ ನಿರ್ಧರಿಸುತ್ತಾನೆ. ಉಳಿದವರು ಕಟ್ಟಿದರೋ ಸುಮ್ಮನಾದರೋ ಎಂಬುದನ್ನೆಲ್ಲ ನೋಡಿದ ಮೇಲೆ ಅವನ ಸರದಿ. ಪಂಚಾಯಿತಿ ಕಟ್ಟೆಯಲ್ಲಿ ಎಲ್ಲರ ಮಾತು ಮುಗಿಯುವವರೆಗೆ ಎಲೆಯಡಿಕೆ ಜಗಿಯುತ್ತ ಕೂರುವ ಮುದುಕರ ನೆನಪಾಯಿತು ನನಗೆ.

ಅವರು ತೋರಿಸಿದ ಮೊದಲ ಉಪಾಯ ಹೀಗೆ. ನನ್ನ ಕೈಯಲ್ಲಿ ಎರಡು ಆಟೀನು, ನಡುವಿನ ಮೂರು ಎಲೆಗಳಲ್ಲಿ ಮತ್ತೆರಡು ಆಟೀನು. ಕಾಣದ 47 ಎಲೆಗಳಲ್ಲಿ 9 ನನ್ನವು. ಇನ್ನೆರಡು ಎಲೆ ಬೀಳುವಷ್ಟರಲ್ಲಿ ಐದನೆಯ ಆಟೀನು ಬರುವ ಸಾಧ್ಯತೆ ಸುಮಾರು ಶೇ. 35. ಯಾರೋ 4 ಕಟ್ಟುತ್ತಾನೆ. ಕೊನೆಯಲ್ಲಿ ಕುಳಿತ ನಾನು ಅದನ್ನು 8ಕ್ಕೆ ಏರಿಸುತ್ತೇನೆ. ನನ್ನ ಬಳಿ ಏನೋ ಇದೆಯೆಂದು ಅಂಜಿ ಮುಂದಿನ ಸುತ್ತಿನಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. ಎಲೆ ಬಾರದಿದ್ದರೆ ನಾನೂ ಸುಮ್ಮನಾಗಿ ಕೊನೆಯ ಎಲೆಯನ್ನು ಪುಕ್ಕಟೆ ನೋಡುತ್ತೇನೆ. ಒಟ್ಟು ಖರ್ಚು 8. ಏರಿಸದೆ ಹಿಂಬಾಲಿಸಿದ್ದರೆ 4 ಮತ್ತು 8 ಸೇರಿ 12 ಆಗುತ್ತಿತ್ತು. ಆದರೆ ಮೊದಲು ಕಟ್ಟಿದವನು ಗಟ್ಟಿಗನಾಗಿ ಮತ್ತೆ ಏರಿಸಿಬಿಟ್ಟರೆ ಉಪಾಯ ಅಲ್ಲಿಗೇ ಮುಗಿಯಿತು, ಅದೂ ಆಗುತ್ತಿತ್ತು.

ಎರಡನೆಯದು ಇನ್ನೂ ಸೂಕ್ಷ್ಮ. ನಾಲ್ಕನೆಯ ಎಲೆ ಬಿದ್ದಾಗ ರಾಶಿಯಲ್ಲಿ 40 ಡಾಲರ್ ಇದೆಯೆನ್ನಿ. ಒಬ್ಬನೇ 8 ಕಟ್ಟಿದರೆ, ಆಟೀನಿಗಾಗಿ ಕಾಯುತ್ತಿರುವವನಿಗೆ 48ರ ರಾಶಿಗೆ 8 ತೆತ್ತರೆ ಸಾಕು, ಆರಕ್ಕೊಂದು. ಅವನಿಗೆ ಬೇಕಾದದ್ದು ನಾಲ್ಕಕ್ಕಿಂತ ತುಸು ಹೆಚ್ಚು. ಅವನು ನಿಲ್ಲುವುದು ಸರಿಯೇ. ಆದರೆ ಕಟ್ಟಿದವನು ನನ್ನ ಬಲಗಡೆಯಿದ್ದು, ನಾನು 16ಕ್ಕೆ ಏರಿಸಿದರೆ, ನನ್ನ ಎಡಗಡೆಯವನು 64ರ ರಾಶಿಗೆ 16 ತೆರಬೇಕು, ನಾಲ್ಕಕ್ಕೊಂದು. ಕೊನೆಯ ಎಲೆಯ ಮೇಲೆ ಸಿಗಬಹುದಾದ ಲಾಭವನ್ನು ಬಿಟ್ಟರೆ, ಈಗ ಅವನ ಲೆಕ್ಕ ಕೂದಲೆಳೆಯಷ್ಟು ತಪ್ಪು. ಅದಕ್ಕೇ ಆ ಹಿರಿಯರು ಸದಾ ಕೈ ಬಿಚ್ಚಿ ಕಟ್ಟುವವನ ಎಡಕ್ಕೆ ಕುರ್ಚಿ ಖಾಲಿಯಾಗುವುದನ್ನೇ ಕಾಯುತ್ತಿದ್ದರು. ಖಾಲಿಯಾದೊಡನೆ, ಆ ವಯಸ್ಸಿಗೆ ಒಗ್ಗದ ಚುರುಕಿನಿಂದ ಎದ್ದು ಹೋಗಿ ಕೂರುತ್ತಿದ್ದರು.

ಇದು ಬರಿಯ ಮೇಜಿನ ಮಾತಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಇಬ್ಬರೇ ಆಡುವ ಲಿಮಿಟ್ ಹೋಲ್ಡೆಮ್ ಅನ್ನು ಗಣಕದಿಂದ ಬಿಡಿಸಿದ್ದಾಗಿ 2015ರ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರ ಸೆಫಿಯಸ್ ಎಂಬ ತಂತ್ರಾಂಶದ ಲೆಕ್ಕವೂ, ಹಂಚುವ ಸ್ಥಾನದಲ್ಲಿರುವವನಿಗೇ ಲಾಭವೆಂಬ ಹಳೆಯ ಆಟಗಾರರ ನಂಬಿಕೆಯನ್ನು ದೃಢಪಡಿಸಿತು.

ಇಷ್ಟು ಕಲಿತ ಮೇಲೆ ತಲೆಯಲ್ಲಿ ಒಂದು ಹುಳು ಹೊಕ್ಕಿತು: ಮನೆ ಬಾಡಿಗೆಯನ್ನು ಇಲ್ಲಿಂದಲೇ ಹೊರಡಿಸಬಾರದೇಕೆ? ಪುಣ್ಯಕ್ಕೆ ಒಂದು ಪುಸ್ತಕದಲ್ಲಿ ಲೆಕ್ಕ ಬರೆದಿಡುತ್ತಿದ್ದೆ. 41 ಸಂಜೆ, 164 ಗಂಟೆ, ಒಟ್ಟು ನಷ್ಟ 612 ಡಾಲರ್. ಅಚ್ಚರಿಯಾಯಿತು, ಏಕೆಂದರೆ ಮೇಜಿನಲ್ಲಿ ನಾನು ಚೆನ್ನಾಗಿಯೇ ಆಡುತ್ತಿದ್ದೆ. ಮತ್ತೆ ಕುಳಿತು ಲೆಕ್ಕ ಹಾಕಿದೆ. ಕಾರ್ಡ್ ರೂಮಿನವರು ಪ್ರತಿ ಆಟದ ರಾಶಿಯಿಂದ 6 ಡಾಲರ್ ಎತ್ತಿಕೊಳ್ಳುತ್ತಿದ್ದರು. ಗಂಟೆಗೆ ಸುಮಾರು 30 ಆಟ. ಅಂದರೆ 180 ಡಾಲರ್. ಒಂಬತ್ತು ಜನರಿಗೆ ಹಂಚಿದರೆ ತಲೆಗೆ 20. ನನ್ನ 164 ಗಂಟೆಗೆ 3,280 ಡಾಲರ್! ಹಂಚುವವರಿಗೆ ಕೊಟ್ಟ ಭಕ್ಷೀಸು ಬೇರೆ. ಉಳಿದ ಎಂಟು ಜನರಿಂದ ನಾನು ಗೆದ್ದಿದ್ದೆ. ಆ ಗೆಲುವು ನಡುವಿನ ತೂತಿನೊಳಗೆ ಬಿದ್ದು ಹೋಗಿತ್ತು. ಎಂಟು ಡಾಲರ್ ಪಣದ ಆಟದಲ್ಲಿ ಗಂಟೆಗೆ ಇಪ್ಪತ್ತು ತೆರುವುದನ್ನು ಯಾವ ಜಾಣ ಏರಿಕೆಯೂ ಸುಲಭವಾಗಿ ತುಂಬಿಕೊಡಲಾರದು. ಇಲ್ಲಿಗೆ ಬರಲಿರುವ ಹುಡುಗರು ಕೇಳಿದರೆ ನಾನು ತೋರಿಸುವುದು ಆ ಪುಸ್ತಕವನ್ನೇ.

53ನೆಯ ದಿನ ಹೊಸ ಕಂಪನಿಯೊಂದು ಅರ್ಜಿ ಹಾಕಿತು. ಆ ರಾತ್ರಿ ಅಮ್ಮನಿಗೆ ವಿಡಿಯೊ ಕರೆ ಮಾಡಿದಾಗ, ಮೇಜಿನ ಮೇಲೆ ಮರೆತಿದ್ದ ಒಂದು ಡಾಲರಿನ ಬಿಲ್ಲೆ ಅವಳ ಕಣ್ಣಿಗೆ ಬಿತ್ತು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಎಲ್ಲವನ್ನೂ ಹೇಳಿದೆ; ಕೊನೆಯಲ್ಲಿ ಕೂರುವುದು, ಏರಿಸುವ ಹೊತ್ತು, ಪುಸ್ತಕದ ಲೆಕ್ಕ. ಬೈಯುತ್ತಾಳೆಂದುಕೊಂಡಿದ್ದೆ. ಬಹಳ ಹೊತ್ತು ಸುಮ್ಮನಿದ್ದು ಕೇಳಿದಳು:

"ಹಂಗಾದ್ರೆ ನಿಮ್ಮಪ್ಪನೂ ಕೊನೇಲಿ ಕೂತಿದ್ರೆ ಗೆಲ್ತಿದ್ರೇನೋ?"

"ಇಲ್ಲಮ್ಮ. ಅಂದರ್ ಬಾಹರಲ್ಲಿ ಎಲ್ಲಿ ಕೂತರೂ ಒಂದೇ."

"ಅದನ್ನ ಅವತ್ತು ಅವರಿಗೆ ಯಾರೂ ಹೇಳ್ಲಿಲ್ಲ ಕಣಪ್ಪ" ಎಂದಳು.