ಓಡಿದ್ದಕ್ಕೇ ಹೆದರಿದೆವು!

ಎದುರಿಗೆ ಕರಡಿ. ನೋಡಿದೆವು, ಹೆದರಿದೆವು, ಓಡಿದೆವು. ಇದರಲ್ಲೇನು ವಿಶೇಷ ಅಂತೀರಾ? 1884ರಲ್ಲಿ ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ ಈ ಸರಣಿಯನ್ನೇ ತಿರುವಿ ಹಾಕಿದ! ‘ಮೈಂಡ್’ ಪತ್ರಿಕೆಯಲ್ಲಿ ಆತ ವಾದಿಸಿದ್ದು ಇಷ್ಟು: ನಾವು ಹೆದರಿ ಓಡುವುದಲ್ಲ, ಓಡುವುದರಿಂದಲೇ ಹೆದರುತ್ತೇವೆ. ದುಃಖವಾಗಿ ಅಳುವುದಲ್ಲ, ಅಳುವುದರಿಂದಲೇ ದುಃಖಪಡುತ್ತೇವೆ.

ಹುಚ್ಚು ಮಾತೆನಿಸಿದರೆ ಜೇಮ್ಸನ ಪರೀಕ್ಷೆಯನ್ನು ನೀವೇ ಮಾಡಿ ನೋಡಿ. ಒಂದು ದೊಡ್ಡ ಭಯವನ್ನು ಮನಸ್ಸಿಗೆ ತಂದುಕೊಳ್ಳಿ. ಅದರಿಂದ ಎದೆಬಡಿತ ತೆಗೆಯಿರಿ. ಏದುಸಿರು ತೆಗೆಯಿರಿ. ನಡುಗುವ ತುಟಿ, ಕುಸಿಯುವ ಕಾಲು, ನಿಮಿರಿದ ರೋಮ, ಎಲ್ಲವನ್ನೂ ತೆಗೆಯಿರಿ. ಉಳಿದದ್ದೇನು? ಭಯವೇ ಇಲ್ಲ! ಮರುವರ್ಷವೇ ಡೆನ್ಮಾರ್ಕಿನ ವೈದ್ಯ ಕಾರ್ಲ್ ಲಾಂಗೆ ಸ್ವತಂತ್ರವಾಗಿ ಹೆಚ್ಚುಕಡಿಮೆ ಇದೇ ತೀರ್ಮಾನಕ್ಕೆ ಬಂದ.

ಹಾಗಾದರೆ ನಾವು ದೇಹ ಆಡಿಸಿದಂತೆ ಆಡುವವರೇ? ಬೆರಗು ಇರುವುದೇ ಇಲ್ಲಿ. ಈ ಮಾತು ಹೇಳಿದವನೇ ಇಚ್ಛಾಸ್ವಾತಂತ್ರ್ಯದ ಕಟ್ಟಾ ಪ್ರತಿಪಾದಕ! ವೈದ್ಯಕೀಯ ಪದವಿ ಪಡೆದ ಮರುವರ್ಷ, 28ರ ಹರೆಯದಲ್ಲಿ, ಜೇಮ್ಸ್ ಖಿನ್ನತೆಯಲ್ಲಿ ಮುಳುಗಿದ್ದ. ಫ್ರೆಂಚ್ ತತ್ತ್ವಜ್ಞಾನಿ ಶಾರ್ಲ್ ರೆನೂವಿಯೆಯನ್ನು ಓದಿ, 1870ರ ಏಪ್ರಿಲ್ 30ರಂದು ದಿನಚರಿಯಲ್ಲಿ ಒಂದು ನಿರ್ಧಾರ ಬರೆದುಕೊಂಡ: ಸ್ವತಂತ್ರ ಇಚ್ಛೆಯಿದೆ ಎಂದು ನಂಬುವುದೇ ತನ್ನ ಮೊದಲ ಸ್ವತಂತ್ರ ಕೆಲಸ. ಸಾಕ್ಷ್ಯಕ್ಕಾಗಿ ಕಾಯಲೇ ಇಲ್ಲ, ನಂಬಿ ನಡೆದೇಬಿಟ್ಟ!

ಆ ಸ್ವಾತಂತ್ರ್ಯ ಅಡಗಿರುವುದೆಲ್ಲಿ? 1890ರ ‘ಪ್ರಿನ್ಸಿಪಲ್ಸ್ ಆಫ್ ಸೈಕಾಲಜಿ’ಯಲ್ಲಿ ಆತ ಕೊರೆಯುವ ಚಳಿಯ ಮುಂಜಾವೊಂದನ್ನು ತೋರಿಸುತ್ತಾನೆ. ಏಳಬೇಕು, ಹೊದಿಕೆ ಬಿಡಲೊಲ್ಲದು. ಮನಸ್ಸಿನೊಳಗೆ ಜಗ್ಗಾಟ. ಚಳಿಯ ಯೋಚನೆ ಒಂದು ಕ್ಷಣ ಮರೆಯಾದದ್ದೇ ತಡ, ನಾವು ಎದ್ದು ನಿಂತಾಗಿರುತ್ತದೆ! ಮನಸ್ಸಿನಲ್ಲಿ ಉಳಿದ ಯೋಚನೆ ತಾನಾಗಿಯೇ ಕ್ರಿಯೆಯಾಗುತ್ತದೆ. ಹಾಗಾಗಿ ಯಾವ ಯೋಚನೆಯ ಮೇಲೆ ಗಮನ ನಿಲ್ಲಿಸುತ್ತೇವೆ ಎಂಬುದರಲ್ಲೇ ಇಚ್ಛೆಯ ಶಕ್ತಿಯೆಲ್ಲ ಇದೆ. ಎಷ್ಟು ಚಿಕ್ಕ ಜಾಗ, ಎಂಥ ದೊಡ್ಡ ಬಾಗಿಲು!

ಭಾವನೆ ಹುಟ್ಟುವುದು ದೇಹದಿಂದಲೇ ಎಂಬ ಜೇಮ್ಸನ ವಾದಕ್ಕೆ 1927ರಲ್ಲಿ ಶರೀರಕ್ರಿಯಾ ವಿಜ್ಞಾನಿ ವಾಲ್ಟರ್ ಕ್ಯಾನನ್ ಬಲವಾದ ಆಕ್ಷೇಪ ಎತ್ತಿದ: ಭಯಕ್ಕೂ ಕೋಪಕ್ಕೂ ಒಳಾಂಗಗಳಲ್ಲಿ ಆಗುವ ಬದಲಾವಣೆ ಬಹುಪಾಲು ಒಂದೇ, ಅಂದಮೇಲೆ ಎರಡೂ ಬೇರೆ ಬೇರೆಯಾಗಿ ಅನುಭವಕ್ಕೆ ಬರುವುದು ಹೇಗೆ? ಚರ್ಚೆ ಅಲ್ಲಿಗೆ ನಿಲ್ಲಲಿಲ್ಲ. ಭಾವನೆಯ ಅಧ್ಯಯನದಲ್ಲಿ ಜೇಮ್ಸನ ಪ್ರಶ್ನೆ ಇಂದಿಗೂ ಜೀವಂತ.

ಸಿಟ್ಟು ಕಾರುವ ಮುನ್ನ ಹತ್ತರವರೆಗೆ ಎಣಿಸಿ ಎಂದು ಜೇಮ್ಸನೂ ಹೇಳಿದ್ದ. ಮುಂದಿನ ಸಲ ಕೋಪ ನೆತ್ತಿಗೇರಿದಾಗ ಬಿಗಿದ ಮುಷ್ಟಿ ಸಡಿಲಿಸಿ, ಉಸಿರು ನಿಧಾನವಾಗಿಸಿ, ಎಣಿಸಿ ನೋಡಿ. ದೇಹವನ್ನು ನೀವೂ ನಡೆಸಬಲ್ಲಿರಿ.